ನಾಲ್ಕನೇ ಸಂದಿ

ನೀರಿನ ಕಚೇರಿಯ ಸೋರಿಕೆ ತಂಡದಲ್ಲಿ ಅವಳಿಗೆ ಕಿವಿಯಮ್ಮ ಎಂದೇ ಹೆಸರು. ಸಂಬಳದ ಪಟ್ಟಿಯಲ್ಲಿ ಬೇರೇನೋ ಇತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ಹಿಂತಿರುಗಿ ನೋಡುತ್ತಿರಲಿಲ್ಲ. ಬೀದಿಯ ಮೇಲೆ ನಿಂತು ನೆಲದೊಳಗಿನದನ್ನು ಕೇಳುವುದು ಅವಳ ಕೆಲಸ. ಭುಜದೆತ್ತರದ ಉಕ್ಕಿನ ಕೋಲು, ಅದರ ತುದಿಗೆ ಮರದ ಬಟ್ಟಲು. ಚಪ್ಪಲಿ ಕಳಚಿ, ಕೋಲನ್ನು ನೆಲಕ್ಕೂರಿ, ಬಟ್ಟಲಿಗೆ ಕಿವಿ ಕೊಟ್ಟು, ಉಸಿರು ಬಿಗಿಹಿಡಿದು ನಿಲ್ಲಬೇಕು. ಆಳುದ್ದ ಮಣ್ಣಿನ ಕೆಳಗೆ ಪೈಪು ಎಲ್ಲಿ ಬಿರುಕು ಬಿಟ್ಟಿದೆ ಎಂಬುದು ಆಗ ತಿಳಿಯಬೇಕು. ತಿಳಿದ ಕಡೆ ಸೀಮೆಸುಣ್ಣದಿಂದ ಒಂದು ಗುಣಿಸು ಗುರುತು ಹಾಕಿ ಅವಳು ಪಕ್ಕಕ್ಕೆ ಸರಿದರೆ, ಅಗೆಯುವವರು ಪಿಕಾಸಿ ಎತ್ತುತ್ತಿದ್ದರು.

ಈ ಕೆಲಸಕ್ಕೆ ಅವಳೇನೂ ಅರ್ಜಿ ಹಾಕಿ ಬಂದವಳಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮನೆಯ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಜಗಳವಾಡಲು ಈ ಕಚೇರಿಗೆ ಬಂದಿದ್ದಳು. ಬಂದವಳು ಜಗಳ ಮರೆತು, ನಿಮ್ಮದೇ ಗೋಡೆಯೊಳಗೆ ಪೈಪು ಸೋರುತ್ತಿದೆ, ಊರಿನದ್ದು ಆಮೇಲೆ ನೋಡಿ ಎಂದುಬಿಟ್ಟಳು. ಆಗಿನ ಮುದಿ ಮೇಸ್ತ್ರಿ ನಗಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ, ಐದು ಬಕೆಟ್‌ಗಳನ್ನು ಬೋರಲು ಹಾಕಿ, ಒಂದರ ಕೆಳಗೆ ತನ್ನ ಕೈಗಡಿಯಾರ ಬಚ್ಚಿಟ್ಟು, ಯಾವುದರಲ್ಲಿದೆ ಹೇಳು ಎಂದ. ಅವಳು ಬಕೆಟ್‌ಗಳ ಸುತ್ತ ಒಂದು ಸುತ್ತು ಬಂದು ಮೂರನೆಯದನ್ನು ತೋರಿಸಿ, "ಗಡಿಯಾರ ಕುಂಟ್ತಿದೆ, ರಿಪೇರಿ ಮಾಡಿಸ್ಕೊಳ್ಳಿ" ಎಂದಳು. ಸೋಮವಾರದಿಂದ ಕೆಲಸಕ್ಕೆ ಬಾ ಎಂದನಂತೆ ಮೇಸ್ತ್ರಿ. ಅದಾಗಿ ಮೂವತ್ತೊಂದು ವರ್ಷ. ಮೇಸ್ತ್ರಿ ಹೋಗಿ ಇನ್ನೊಬ್ಬ ಮೇಸ್ತ್ರಿ ಬಂದ. ಬೀದಿಗಳು ಅಗಲವಾದವು. ಕಬ್ಬಿಣದ ಪೈಪುಗಳ ನಡುವೆ ಪ್ಲಾಸ್ಟಿಕ್ಕಿನವೂ ಸೇರಿಕೊಂಡವು.

ತಂಡಕ್ಕೆ ಎರಡು ಕಟ್ಟುಪಾಡುಗಳಿದ್ದವು. ಎಲ್ಲಿಯೂ ಬರೆದಿಟ್ಟಿರಲಿಲ್ಲ, ಬರೆದಿಟ್ಟದ್ದಕ್ಕಿಂತ ಗಟ್ಟಿಯಾಗಿದ್ದವು. ಒಂದು, ಶನಿವಾರದ ಎಣ್ಣೆ. ವಾರದ ಕೊನೆಗೆ ಬೀದಿಗೆ ಹೋಗಿ ಬಂದ ಪ್ರತಿಯೊಂದು ಉಪಕರಣಕ್ಕೂ, ಕೋಲಿರಲಿ ವಾಲ್ವು ತಿರುಗಿಸುವ ಕೀಲಿಯಿರಲಿ, ಒರೆಸಿ ಎಣ್ಣೆ ಹಚ್ಚಿಯೇ ಮನೆಗೆ ಹೋಗಬೇಕು. ಎರಡನೆಯದು, ಒಣಗುಂಡಿ. ಗುರುತು ಹಾಕಿದ ಜಾಗ ಅಗೆದಾಗ ನೀರು ಸಿಗದಿದ್ದರೆ ಅದು ಒಣಗುಂಡಿ. ಗುರುತು ಹಾಕಿದವರು ಅವತ್ತು ಎಲ್ಲರಿಗೂ ಚಹಾ ಕುಡಿಸಬೇಕು. ಒಂದು ವರ್ಷದಲ್ಲಿ ಮೂರು ಒಣಗುಂಡಿಯಾದರೆ ಕೋಲು ಕೆಳಗಿಟ್ಟು ದೂರು ಸ್ವೀಕರಿಸುವ ಕಿಟಕಿಗೆ ಹೋಗಿ ಕೂರಬೇಕು. ಆ ಕಿಟಕಿಗೆ ಗಾಜು, ಗಾಜಿಗೊಂದು ತೂತು. ತೂತಿನ ಆಚೆ ಇಡೀ ಊರಿನ ಸಿಟ್ಟು, ಈಚೆ ಒಂದು ಕುರ್ಚಿ. ನಿಮ್ಮ ದೂರು ದಾಖಲಾಗಿದೆ ಎಂದು ದಿನಕ್ಕೆ ನೂರು ಸಲ ಹೇಳುವುದೇ ಅಲ್ಲಿಯ ಕೆಲಸ.

ಮೂವತ್ತು ವರ್ಷದಲ್ಲಿ ಕಿವಿಯಮ್ಮ ಕುಡಿಸಿದ್ದು ನಾಲ್ಕೇ ಸಲ ಚಹಾ. ಈ ವರ್ಷ ಆಗಲೇ ಎರಡು ಸಲವಾಗಿತ್ತು.

ಕಾರಣ ಅವಳಿಗೆ ಗೊತ್ತಿತ್ತು, ಮತ್ಯಾರಿಗೂ ಹೇಳಿರಲಿಲ್ಲ. ಮೊದಲು ಹೋದದ್ದು ಸಣ್ಣ, ಕೀರಲು ದನಿಗಳು. ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೀ ಕೀ ಎನ್ನುತ್ತಿದ್ದದ್ದು ನಿಂತುಹೋಯಿತು; ಫ್ರಿಜ್ಜು ಕೆಟ್ಟಿದೆ ಎಂದುಕೊಂಡಳು. ಕಿಟಕಿಯ ಗುಬ್ಬಿಗಳು ಬಾಯಿ ತೆರೆದು ಮುಚ್ಚುತ್ತಿದ್ದವು, ದನಿಯಿಲ್ಲ; ಅವಕ್ಕೂ ಏನೋ ಆಗಿದೆ ಎಂದುಕೊಳ್ಳುವಷ್ಟು ದಡ್ಡಿ ಅವಳಲ್ಲ. ಮನುಷ್ಯರ ಮಾತು ಕೇಳಿಸುತ್ತಿತ್ತು, ಲಾರಿ ಕೇಳಿಸುತ್ತಿತ್ತು. ಹಳೆಯ ಕಬ್ಬಿಣದ ಪೈಪಿನ ಸೋರಿಕೆ ಮಾತ್ರ ಬಲು ಸಣ್ಣ ದನಿಯದ್ದು. ಅದು ದಿನದಿನಕ್ಕೂ ದೂರ ಸರಿಯುತ್ತಿತ್ತು. ಆಮೇಲಾಮೇಲೆ ಅವಳು ಕೋಲಿಗೆ ಕಿವಿ ಕೊಟ್ಟಂತೆ ನಟಿಸಿ, ಬರಿಗಾಲಿನಲ್ಲಿ ನೆಲದ ತಂಪು ನೋಡುವುದು, ಕಲ್ಲುಸಂದಿಯ ಹುಲ್ಲು ಎಲ್ಲಿ ಹೆಚ್ಚು ಹಸಿರಾಗಿದೆ ಎಂದು ಕದ್ದು ನೋಡುವುದು ಇದರಲ್ಲೇ ದಿನ ತಳ್ಳಿದಳು. ಬಹುತೇಕ ಅದೂ ಸರಿಯೇ ಬರುತ್ತಿತ್ತು. ಈ ವರ್ಷದ ಆ ಎರಡು ಸಲ ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಇಲ್ಲಿ ಸೋರಿದರೆ ಅಲ್ಲಿ ಅಗೆಸಿದ್ದಳು.

ಗುಟ್ಟು ಮೊದಲು ಹಿಡಿದವಳು ಮಗಳು. ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಆಫೀಸಿನ ರಜೆ ಮುಗಿಯುವವರೆಗೆ ತಾಯಿಯ ಮನೆಯಲ್ಲಿದ್ದ ಅವಳದ್ದು ಬೆಂಕಿಯಿಲ್ಲದೆ ಹೊಗೆ ಕಾಣುವ ಜಾತಿ. ಕೂಸು ಅತ್ತರೆ ಯಾಕೆ ಅತ್ತಿತು, ಅಳದಿದ್ದರೆ ಯಾಕೆ ಅಳುತ್ತಿಲ್ಲ. ಹಾಲು ಕುಡಿದದ್ದು, ತೇಗಿದ್ದು, ಬಟ್ಟೆ ಒದ್ದೆ ಮಾಡಿದ್ದು ಎಲ್ಲವೂ ಒಂದು ನೋಟುಪುಸ್ತಕದಲ್ಲಿ ಗಂಟೆ ನಿಮಿಷ ಸಮೇತ ಏರುತ್ತಿತ್ತು. ಒಂದು ಬೆಳಿಗ್ಗೆ ಅಜ್ಜಿಯ ಮಡಿಲಲ್ಲೇ ಕೂಸು ಮೂರು ಸಲ ಸೀನಿತು. ಅಜ್ಜಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಮಗಳು ಅಡುಗೆಮನೆಯಿಂದ ಓಡಿ ಬಂದು ನಿಂತು, ತಾಯಿಯ ಮುಖವನ್ನೇ ಒಂದು ಗಳಿಗೆ ನೋಡಿದಳು.

"ಅಮ್ಮಾ, ಸೀನಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ದೆ ಏನು. ಎರಡು ಸಲ."

"ಮೂರು ಸಲ."

"ಮೂರನೇದು ಸೀನಲ್ಲ ಬಿಡೇ," ಎಂದು ಕಿವಿಯಮ್ಮ ಕೂಸಿನ ಮೂಗು ಒರೆಸಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗಿತ್ತು ಆ ಒರೆಸುವಿಕೆ. ಮಗಳು ನೋಟುಪುಸ್ತಕ ತೆಗೆದಳು. ಸೀನಿನ ಲೆಕ್ಕದ ಪಕ್ಕದಲ್ಲಿ ಇನ್ನೂ ಏನೋ ಬರೆದಳು. ಅದೇನೆಂದು ಕೇಳುವ ಧೈರ್ಯ ಕಿವಿಯಮ್ಮನಿಗಾಗಲಿಲ್ಲ.

ಆ ವಾರವೇ ಮೇಸ್ತ್ರಿ ಅವಳನ್ನು ಕಾಲೇಜೊಂದಕ್ಕೆ ಕಳಿಸಿದ. ಅಲ್ಲಿ ಶಬ್ದದ ಮೇಲೆ ಕೆಲಸ ಮಾಡುವ ಒಬ್ಬ ಅಧ್ಯಾಪಕಿ ಸೋರಿಕೆ ಕೇಳಿಸುವ ಹೊಸ ಉಪಕರಣ ಮಾಡುತ್ತಿದ್ದಾಳಂತೆ, ಅನುಭವಸ್ಥರು ಬೇಕಂತೆ. ಕೋಣೆಯ ಗೋಡೆಗಳಿಗೆಲ್ಲ ಮೊಟ್ಟೆಯ ತಟ್ಟೆಯಂಥ ಸ್ಪಂಜು ಬಡಿದಿತ್ತು. ಮೇಜಿನ ಮೇಲಿದ್ದದ್ದು ಗೇಣುದ್ದದ ಒಂದು ಗೋಪುರ. ಒಂದು ಸರಳಿಗೆ ಪೋಣಿಸಿದ ಹದಿನೆಂಟು ಅಲ್ಯೂಮಿನಿಯಂ ಬಿಲ್ಲೆಗಳು, ಕೆಳಗಿನದು ನಾಣ್ಯದಷ್ಟು, ಮೇಲಿನದು ಸಾಸರಿನಷ್ಟು. ಬಿಲ್ಲೆಗೂ ಬಿಲ್ಲೆಗೂ ನಡುವೆ ಸಂದಿ. ಕೆಳಗಿನ ಸಂದಿಗಳಲ್ಲಿ ಎರಡು ಬಸ್ ಟಿಕೆಟ್ ಜೊತೆಯಾಗಿ ತೂರಿಸಬಹುದು, ಅಷ್ಟೇ. ಮೇಲೆ ಹೋದಂತೆ ಅಗಲ. ಬುಡದಲ್ಲಿ ನೆಲಕ್ಕೆ ಅಮುಕುವ ಗಂಟೆಯಂಥ ಬಾಯಿ. ಪಕ್ಕದಲ್ಲಿ ಡಾಕ್ಟರ ಕೊರಳಲ್ಲಿರುವಂಥ ರಬ್ಬರ್ ನಳಿಕೆ. ಬೇಕಾದ ಸಂದಿಗೆ ಅದರ ತುದಿ ಇಟ್ಟು ಕೇಳಬೇಕು.

ತಂಡದವರು ಆಗಲೇ ತಟ್ಟೆ ಮೇಡಂ ಎಂದು ಹೆಸರಿಟ್ಟಿದ್ದ ಆ ಅಧ್ಯಾಪಕಿ ವಿವರಿಸಿದಳು. ಇದಕ್ಕೆ ಬ್ಯಾಟರಿಯಿಲ್ಲ, ಕರೆಂಟಿಲ್ಲ. ಬಿಲ್ಲೆಗಳ ಅಳತೆಯೇ ಇದರ ಯಂತ್ರ. ಶಬ್ದ ಬುಡದಿಂದ ಮೇಲಕ್ಕೆ ಹೋಗುತ್ತ, ಬಿಲ್ಲೆಗಳು ದೊಡ್ಡದಾದಂತೆ ನಿಧಾನವಾಗುತ್ತದೆ. ಮುಂದಿನ ಅಲೆ ನಿಂತಿತು, ಹಿಂದಿನದು ಬಂದು ಒತ್ತಿತು, ಹೀಗೆ ಒಂದು ಸಂದಿಯಲ್ಲಿ ಎಲ್ಲ ಗುಂಪುಗೂಡಿ ಅಲ್ಲಿ ದನಿ ಹಲವು ಪಟ್ಟು ದೊಡ್ಡದಾಗುತ್ತದೆ. ಸಣ್ಣ ದನಿ ಕೆಳಗಿನ ಸಣ್ಣ ಬಿಲ್ಲೆಗಳಲ್ಲೇ ಸಿಕ್ಕಿಬೀಳುತ್ತದೆ. ದಪ್ಪ ದನಿ ಮೇಲಿನವರೆಗೂ ಹತ್ತುತ್ತದೆ.

"ಬಸ್ಸು ಹತ್ತಿದೋರೆಲ್ಲ ಬಾಗಿಲಲ್ಲೇ ನಿಂತ್ಕೊಂಡ ಹಾಗೆ," ಎಂದಳು ಕಿವಿಯಮ್ಮ.

ತಟ್ಟೆ ಮೇಡಂ ಅದನ್ನು ಬರೆದುಕೊಂಡಳು. ತನ್ನ ಪಾಠಕ್ಕಿಂತ ಅದೇ ಚೆನ್ನಾಗಿದೆ ಎಂದಳು.

ತೊಡಕಿದ್ದದ್ದು ಬೇರೆ ಕಡೆ. ಯಾವ ದನಿಗೆ ಸರಿಯಾಗಿ ಸಂದಿಗಳನ್ನು ಕೊರೆಯಬೇಕು ಎಂಬುದೇ ಮೇಡಂಗೆ ಖಚಿತವಿರಲಿಲ್ಲ. ಕಂಪ್ಯೂಟರಿನಿಂದ ಒಂದು ದನಿ ಹಾಕಿ, ಸೋರಿಕೆ ಹೀಗಲ್ಲವೇ ಎಂದು ಕೇಳಿದಳು. ಅದು ಕೋಣೆಯಲ್ಲೇ ಹೊಸ ಪೈಪಿಗೆ ತೂತು ಹಾಕಿ ಹಿಡಿದ ದನಿ. ಕಿವಿಯಮ್ಮ ತಲೆ ಅಲ್ಲಾಡಿಸಿದಳು. ಅದು ಹಾಲು ಉಕ್ಕುವ ದನಿ. ಪ್ಲಾಸ್ಟಿಕ್ ಪೈಪು ಸೋರಿದರೆ ಪಕ್ಕದ ಮನೆಯವರು ಗೊರಕೆ ಹೊಡೆದಂತೆ. ಹಳೇ ಕಬ್ಬಿಣದ್ದು ಬೇರೆ: ಮುಂದಿನ ಹಲ್ಲು ಬಿದ್ದ ಮಗು ಆ ಸಂದಿಯಿಂದ ಗಾಳಿ ಎಳೆದುಕೊಂಡಂತೆ. ಹೇಳಿದ್ದು ಸಾಲದೆಂದು ಅವಳು ನಾಲಿಗೆಯನ್ನು ಹಲ್ಲಿಗೊತ್ತಿ ಆ ದನಿಯನ್ನೇ ಮಾಡಿ ತೋರಿಸಿದಳು. ಕಂಪ್ಯೂಟರಿನ ಪರದೆಯಲ್ಲಿ ಒಂದು ಗೆರೆ ಎದ್ದು ನಿಂತಿತು. ಮೂರು ಸಲ ಮಾಡಿಸಿದರೂ ಗೆರೆ ಅದೇ ಜಾಗದಲ್ಲಿ ನಿಂತಿತು. ಮೇಡಂ ಹುಬ್ಬೇರಿಸಿ, ಅಷ್ಟು ಸಣ್ಣ ದನಿಯೇ, ಅದು ನಿಮಗೆ ಬೀದಿಯಲ್ಲಿ ಕೇಳಿಸುತ್ತದೆಯೇ ಎಂದಳು.

ಸ್ಪಂಜಿನ ಗೋಡೆಗಳ ನಡುವೆ ಸುಳ್ಳಿಗೆ ಪ್ರತಿಧ್ವನಿಯೂ ಇರಲಿಲ್ಲ. "ಈಗ ಕೇಳ್ಸಲ್ಲ," ಎಂದಳು ಕಿವಿಯಮ್ಮ. "ಕಿವಿ ಮರೆತಿದೆ. ನಾಲಿಗೆಗೆ ಇನ್ನೂ ನೆನಪಿದೆ."

ಮೇಡಂ ಪಾಪ ಎನ್ನಲಿಲ್ಲ. ಹತ್ತು ದಿನ ಬಿಟ್ಟು ಕರೆಸಿದಳು. ಕಿವಿಯಮ್ಮನ ನಾಲಿಗೆಯ ಅಳತೆಗೆ ಕೆಳಗಿನ ಸಂದಿಗಳನ್ನು ಹೊಸದಾಗಿ ಕೊರೆದಿದ್ದಳು. ಆ ಸಣ್ಣ ದನಿ ನಾಲ್ಕನೇ ಸಂದಿಯಲ್ಲಿ ಗುಂಪುಗೂಡುವಂತೆ ಮಾಡಿ, ಅಲ್ಲಿಗೊಂದು ಕೆಂಪು ಚುಕ್ಕೆಯನ್ನೂ ಇಟ್ಟಿದ್ದಳು. ಮರಳು ತುಂಬಿದ ಡಬ್ಬದಲ್ಲಿ ಹೂತಿದ್ದ ತುಕ್ಕು ಹಿಡಿದ ಪೈಪಿನ ಮೇಲೆ ಗೋಪುರ ಇಟ್ಟು, ನಳಿಕೆಯನ್ನು ಅವಳ ಕಿವಿಗೆ ಕೊಟ್ಟಳು. ಕಿವಿಯಮ್ಮ ಎಂದಿನಂತೆ ಚಪ್ಪಲಿ ಕಳಚಿ, ಉಸಿರು ಹಿಡಿದಳು. ಎರಡು ವರ್ಷದಿಂದ ಮುಖ ತೋರಿಸದ ಆ ಹಲ್ಲುಬಿದ್ದ ಮಗು, ಕಿವಿಯ ಪಕ್ಕದಲ್ಲೇ ಕೂತಂತೆ, ಸ್ಸ್ಸ್ ಎಂದು ಗಾಳಿ ಎಳೆಯಿತು. ಅವಳಿಗೆ ನಗು ಬಂದು, ಹಿಡಿದಿದ್ದ ಉಸಿರೆಲ್ಲ ಒಮ್ಮೆಗೇ ಹೋಯಿತು.

ಗೋಪುರವನ್ನು ಬೀದಿಯಲ್ಲಿ ಪರೀಕ್ಷಿಸಲು ಅವಳಿಗೇ ಕೊಟ್ಟು ಕಳಿಸಿದರು. ಮೊದಲ ಪರೀಕ್ಷೆ ಸೋಮವಾರ ಎಂದು ಗೊತ್ತಾಯಿತು. ಬೇಕೆಂದೇ ಎಂಬಂತೆ, ಮೇಸ್ತ್ರಿ ಆರಿಸಿದ್ದು ಎರಡು ಸಲ ಅಗೆದು ಎರಡು ಸಲವೂ ಒಣಗುಂಡಿಯಾಗಿದ್ದ ಕ್ಷೌರದಂಗಡಿಯ ಬೀದಿಯನ್ನೇ. ಆ ಎರಡೂ ಕಿವಿಯಮ್ಮನ ಗುರುತುಗಳೇ.

ಸೋಮವಾರ ಬೆಳಿಗ್ಗೆ ಹತ್ತಕ್ಕೆಲ್ಲ ಅಲ್ಲಿ ಜನ ಸೇರಿದ್ದರು. ಮೇಸ್ತ್ರಿ, ಇಬ್ಬರು ಅಗೆಯುವವರು, ಕೈಯಲ್ಲಿ ಪೆನ್ನು ಹಿಡಿದ ತಟ್ಟೆ ಮೇಡಂ. ಕ್ಷೌರಿಕ ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ. ಅವನ ಅಂಗಡಿಯ ನೆಲ ಮೂರು ತಿಂಗಳಿಂದ ಒದ್ದೆ. ಉದುರಿದ ಕೂದಲು ಗುಡಿಸಲಾಗದೆ ಅಂಟಿಕೊಂಡು, ಅಂಗಡಿಯೇ ಕರಡಿಯ ಬೆನ್ನಿನಂತಾಗಿದೆ ಎಂದು ಅವನ ದೂರು.

"ಅಕ್ಕ, ಈ ಸಲನಾದ್ರೂ ನೀರು ತೋರ್ಸಿ," ಎಂದ ಅವನು. "ಇನ್ನೊಂದು ಗುಂಡಿ ತೋಡಿದ್ರೆ ಗಿರಾಕಿಗಳು ಏಣಿ ತರಬೇಕಾಗತ್ತೆ."

ಎಲ್ಲರೂ ನಕ್ಕರು, ಕಿವಿಯಮ್ಮನೂ ನಕ್ಕಳು. ಚಪ್ಪಲಿ ಕಳಚಿ, ಅಂಗಡಿಯ ಮೆಟ್ಟಿಲ ಬಳಿ ಗೋಪುರ ಊರಿ, ಕೆಂಪು ಚುಕ್ಕೆಯ ಸಂದಿಗೆ ನಳಿಕೆ ಇಟ್ಟಳು. ಏನೂ ಇಲ್ಲ. ನಾಲ್ಕು ಹೆಜ್ಜೆ ಸರಿದು ಇಟ್ಟಳು. ಇಲ್ಲ. ಬೀದಿ ದಾಟಿ ಕಾಗದದಂಗಡಿಯ ಮುಂದೆ ಇಟ್ಟಳು. ಅಲ್ಲಿಯೂ ಹತ್ತಿ ತುರುಕಿದಂಥ ಮೌನ. ಕಾಲೇಜಿನ ಕೋಣೆಯಲ್ಲಿ ಅಷ್ಟು ಸ್ಪಷ್ಟವಾಗಿ ಮಾತಾಡಿದ ಮಗು ಇವತ್ತು ಬಾಯಿ ಬಿಡಲೊಲ್ಲದು. ಉಳಿದಿದ್ದ ಆ ಒಂದಿಷ್ಟು ಕೇಳ್ಮೆಯೂ ಭಾನುವಾರ ಮಲಗಿದ್ದಾಗ ಹೊರಟುಹೋಯಿತೋ ಏನೋ ಎನ್ನಿಸಿತು.

ಮೇಸ್ತ್ರಿಗೆ ಇನ್ನೂ ಎರಡು ಬೀದಿಗಳ ಕೆಲಸವಿತ್ತು. ಸೀಮೆಸುಣ್ಣ ಅವಳ ಕೈಗೆ ಕೊಟ್ಟು, ಎಲ್ಲಾದರೂ ಒಂದು ಕಡೆ ಹಾಕಿ, ನೋಡೇಬಿಡೋಣ ಎಂದ. ಕಾಲಿನ ಕೆಳಗೆ ಮೆಟ್ಟಿಲಿನ ಎಡಮೂಲೆ ತಂಪಾಗಿತ್ತು. ಸಂದಿಯಲ್ಲಿ ಹುಲ್ಲೂ ಇತ್ತು. ಗುರುತು ಹಾಕಿದರೆ ನೀರು ಸಿಕ್ಕೀತು. ಎರಡು ವರ್ಷ ಹೀಗೇ ತಾನೆ ನಡೆದದ್ದು. ಸಿಗದಿದ್ದರೆ ಮೂರನೇ ಗುಂಡಿ, ಗಾಜಿನ ಕಿಟಕಿ. ಕಿವಿಯಮ್ಮ ಬಗ್ಗಿದಳು, ಸೀಮೆಸುಣ್ಣವನ್ನು ನೆಲಕ್ಕೆ ತಾಗಿಸಿದಳು. ಆಮೇಲೆ ಎದ್ದು ನಿಂತು ಅದನ್ನು ಮೇಸ್ತ್ರಿಯ ಕೈಗೇ ಹಿಂದಿರುಗಿಸಿದಳು.

"ನಂಗೆ ಕೇಳಿಸ್ತಿಲ್ಲ ಮೇಸ್ತ್ರಿ. ಇವತ್ತಲ್ಲ, ಎರಡು ವರ್ಷದಿಂದ ಸಣ್ಣ ದನಿ ಕೇಳಿಸ್ತಿಲ್ಲ. ಊಹೆ ಮೇಲೆ ಇನ್ನೊಂದು ಗುಂಡಿ ತೋಡಿಸಲ್ಲ ನಾನು."

ಕ್ಷೌರಿಕನ ಕೈಯ ಬ್ರಷ್ಷಿನಿಂದ ನೊರೆ ತೊಟ್ಟಿಕ್ಕಿತು. ಮೇಸ್ತ್ರಿ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. ತಟ್ಟೆ ಮೇಡಂ ಮಾತ್ರ ಮೆಲ್ಲಗೆ ಹತ್ತಿರ ಬಂದು, ಬೇರೆ ಸಂದಿಗಳಲ್ಲಿ ಏನಾದರೂ ಕೇಳಿಸುತ್ತಿದೆಯೇ ಎಂದು ಕೇಳಿದಳು.

ಬಚ್ಚಿಡಲು ಈಗ ಏನೂ ಉಳಿದಿರಲಿಲ್ಲವಾದ್ದರಿಂದ ಕಿವಿಯಮ್ಮ ನಿರಾಳವಾಗಿ ಕೇಳಿ ನೋಡಿದಳು. ಹದಿನೈದನೇ ಸಂದಿಯಲ್ಲಿ ತಿರುವಿನ ಬಸ್ಸು ಗುಡುಗುಟ್ಟುತ್ತಿತ್ತು. ಹತ್ತರಲ್ಲಿ ಯಾರದೋ ಗಟ್ಟಿ ಹೆಜ್ಜೆ. ಏಳರಲ್ಲಿ ಎಲ್ಲ ಮಂಕು. ಆರರಿಂದ ಕೆಳಗೆ ಏನೂ ಇಲ್ಲ. ತನ್ನ ಕಿವಿ ಕೆಟ್ಟಿದ್ದರೆ ಇಷ್ಟು ಕತ್ತರಿಸಿದಂತೆ ಆರರಲ್ಲೇ ನಿಲ್ಲುವುದೆಂತು? ತಾನೇ ಹೇಳಿದ್ದ ಆ ಬಸ್ಸಿನ ಬಾಗಿಲಲ್ಲೇ ಏನೋ ಅಡ್ಡ ಕೂತಿದೆ. ಅವಳು ಉಗುರಿನ ತುದಿಯನ್ನು ನಾಲ್ಕನೇ ಸಂದಿಗೆ ತೂರಿಸಿ ತೆಗೆದು ನೋಡಿದಳು. ಉಗುರು ಹೊಳೆಯುತ್ತಿತ್ತು.

ಎಣ್ಣೆ. ಶನಿವಾರ ಸಂಜೆ ಕೋಲಿಗೆ, ಕೀಲಿಗೆ ಹಚ್ಚಿದ ಮೇಲೆ, ಹೊಸ ಗೋಪುರಕ್ಕೆ ಕೈ ಬಿಗಿಹಿಡಿಯಬಾರದೆಂದು, ಬಿಲ್ಲೆ ಬಿಲ್ಲೆಗೂ ಬಟ್ಟೆ ಒತ್ತಿ ತಾನೇ ಹಚ್ಚಿದ್ದಳು. ಉಳಿದ ಉಪಕರಣಗಳಿಗಿಂತ ಒಂದು ಬಟ್ಟಲು ಹೆಚ್ಚೇ. ಅಗಲ ಸಂದಿಗಳಿಂದ ಅದು ಇಳಿದು ಹೋಗಿತ್ತು, ಸಣ್ಣ ಸಂದಿಗಳಲ್ಲಿ ತುಂಬಿ ಕೂತುಬಿಟ್ಟಿತ್ತು. ಗಾಳಿಯೇ ಇಲ್ಲದ ಕಡೆ ದನಿ ಎಲ್ಲಿ ನಿಲ್ಲಬೇಕು?

"ನನ್ನ ಕೈಯಾರೆ ಅದರ ಕಿವಿ ಮುಚ್ಚಿದೀನಿ," ಎಂದಳು ಕಿವಿಯಮ್ಮ. ಮೇಡಂ ಉಗುರು ನೋಡಿದಳು, ಗೋಪುರ ನೋಡಿದಳು. ಎಣ್ಣೆ ಹಚ್ಚಬೇಡಿ ಎಂದು ಹೇಳುವುದು ತನಗೂ ಹೊಳೆದಿರಲಿಲ್ಲ ಎಂದು ಹಣೆ ಚಚ್ಚಿಕೊಂಡಳು. ಹೊಳೆಯುವುದಾದರೂ ಹೇಗೆ, ಇಂಥ ಉಪಕರಣಕ್ಕೆ ಎಣ್ಣೆ ಹಚ್ಚುವವರು ಪ್ರಪಂಚದಲ್ಲಿ ಈ ತಂಡದವರೊಬ್ಬರೇ.

ಮುಂದಿನದಕ್ಕೆ ಕ್ಷೌರಿಕನೇ ನಾಯಕ. ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಿಂದ ಎಬ್ಬಿಸಿ ಬೆಂಚಿಗೆ ದಾಟಿಸಿದ. ಗೋಪುರವನ್ನು ಬೇಸಿನ್ನಿನಲ್ಲಿಟ್ಟು, ಬಿಸಿನೀರು ಬಿಟ್ಟು, ಶಾಂಪೂ ಸುರಿದ. ಹಲ್ಲುಜ್ಜುವ ಹೊಸ ಬ್ರಷ್ಷು ಮೂಲೆಯಂಗಡಿಯಿಂದ ಬಂತು. ಸಂದಿ ಸಂದಿಗೂ ಉಜ್ಜಿ, ಮೂರು ನೀರು ತೆಗೆದು, ಕೂದಲೊಣಗಿಸುವ ಯಂತ್ರ ಹಿಡಿದು, ಬಿಲ್ಲೆಗಳನ್ನು ಒಂದೊಂದೇ ತಿರುಗಿಸಿ ಒಣಗಿಸಿದ. ಇಷ್ಟು ತೆಪ್ಪಗೆ ಕೂರುವ ಗಿರಾಕಿಯನ್ನು ತಾನು ಕಂಡದ್ದೇ ಇಲ್ಲ ಎಂದ. ಬೆಂಚಿನ ಮೇಲಿದ್ದ ಗಿರಾಕಿ, ತನ್ನ ಉಳಿದರ್ಧ ಇವತ್ತೇ ಆಗುತ್ತದೋ ಎಂದು ವಿಚಾರಿಸಿದ.

ಕಿವಿಯಮ್ಮ ಮತ್ತೆ ಮೆಟ್ಟಿಲ ಬಳಿ ಗೋಪುರ ಊರಿದಳು. ನಾಲ್ಕನೇ ಸಂದಿ. ಇತ್ತು, ತೀರಾ ದೂರದಲ್ಲಿ, ಆದರೆ ಇತ್ತು. ತಂಪಾಗಿದ್ದ ಎಡಮೂಲೆಗೆ ಬಂದಳು. ದನಿ ಇನ್ನೂ ದೂರವಾಯಿತು. ಬೀದಿಯ ನಡುವೆ ಬಂದಾಗ ದೊಡ್ಡದಾಯಿತು. ಮೇಸ್ತ್ರಿ ಕೈಯಡ್ಡ ಹಿಡಿದು ಗಾಡಿಗಳನ್ನು ನಿಲ್ಲಿಸಿದ. ಕಾಗದದಂಗಡಿಯನ್ನೂ ದಾಟಿ, ಅದರಾಚೆಯ ದೀಪದ ಕಂಬದ ಬುಡಕ್ಕೆ ಬಂದಾಗ ಹಲ್ಲುಬಿದ್ದ ಮಗು ಕಿವಿಯೊಳಗೇ ಬಂದು ಕೂತಿತು. ಕ್ಷೌರದಂಗಡಿಗೆ ಅಲ್ಲಿಂದ ಮೂವತ್ತು ಹೆಜ್ಜೆ. ಯಾವುದೋ ಹಳೇ ಚರಂಡಿಯ ಕಲ್ಲಿನ ಮೇಲೆ ನೀರು ಜಾರಿ ಜಾರಿ ಪಾಪದ ಕ್ಷೌರಿಕನ ನೆಲ ಸೇರುತ್ತಿತ್ತು. ಕಾಲಿನ ತಂಪು, ಕಲ್ಲಿನ ಹುಲ್ಲು ಎರಡೂ ಅವಳನ್ನು ಏಮಾರಿಸಿದ್ದವು.

ಅವಳು ಮೇಸ್ತ್ರಿಯ ಕಡೆ ಕೈ ಚಾಚಿದಳು. ಅವನು ಸೀಮೆಸುಣ್ಣ ಕೊಟ್ಟ. ಗುರುತು ಹಾಕಿ ಪಕ್ಕಕ್ಕೆ ಸರಿದಳು.

ಸೊಂಟದಾಳ ಅಗೆದಾಗ ಮಣ್ಣು ಕಪ್ಪಾಯಿತು. ಇನ್ನೊಂದು ಏಟಿಗೆ ಅಗೆಯುವವನ ಮುಖಕ್ಕೇ ನೀರು ಚಿಮ್ಮಿತು. ಕ್ಷೌರಿಕ ಹೆಗಲ ಮೇಲಿನ ಟವೆಲನ್ನು ಗಾಳಿಯಲ್ಲಿ ಬೀಸಿದ.

ಎರಡು ವರ್ಷ ಯಾಕೆ ಹೇಳಲಿಲ್ಲ ಎಂದು ವಾಪಸು ಬರುವಾಗ ಮೇಸ್ತ್ರಿ ಕೇಳಿದ. ಕಿಟಕಿಯ ಹೆದರಿಕೆ ಎಂದಳು ಅವಳು, ಇದ್ದದ್ದನ್ನು ಇದ್ದ ಹಾಗೆ.

"ಕಿಟಕೀಲಿ ಕೂರೋಕೆ ಜನ ಸಿಗ್ತಾರೆ," ಎಂದ ಮೇಸ್ತ್ರಿ. "ಆ ಸಂದಿಯಿಂದ ಬರೋದು ಸೋರಿಕೆನೋ, ಸುಮ್ನೆ ಗಾಳಿನೋ ಅಂತ ಹೇಳೋಕೆ ಯಾರು ಸಿಗ್ತಾರೆ? ಹೊಸಬರಿಗೂ ನೀವೇ ಕಲಿಸಿ. ಎಣ್ಣೆ ಡಬ್ಬ ಮಾತ್ರ ಇನ್ಮೇಲೆ ನನ್ನ ಹತ್ರ ಇರತ್ತೆ."

ಅವತ್ತು ಒಣಗುಂಡಿಯಲ್ಲದಿದ್ದರೂ ಚಹಾ ಕುಡಿಸಿದ್ದು ಕಿವಿಯಮ್ಮನೇ.

ಮಧ್ಯಾಹ್ನ ಮೇಡಂನ ಅಪ್ಪಣೆ ಪಡೆದು ಗೋಪುರವನ್ನು ಮನೆಗೆ ತಂದಳು. ಮಗಳನ್ನು ಕೂರಿಸಿ ಎಲ್ಲ ಹೇಳಿದಳು. ಮಗಳು ಅತ್ತು, ಬೈದು, ಆಮೇಲೆ ನೋಟುಪುಸ್ತಕ ತೆರೆದು ತೋರಿಸಿದಳು. ಸೀನಿನ ಪಕ್ಕದಲ್ಲಿ ಬರೆದಿದ್ದದ್ದು ಇಷ್ಟೇ: ಅಮ್ಮನ ಕಿವಿ, ಡಾಕ್ಟರಿಗೆ ತೋರಿಸಬೇಕು, ಹೇಗೆ ಹೇಳುವುದು? ಗುರುವಾರಕ್ಕೆ ಸಮಯವನ್ನೂ ಗೊತ್ತು ಮಾಡಿಟ್ಟಿದ್ದಳು.

ಮಲಗಿದ್ದ ಕೂಸಿನ ಪಕ್ಕ ಗೋಪುರ ಇಟ್ಟು ಕಿವಿಯಮ್ಮ ಮೊಮ್ಮಗಳ ಉಸಿರು ಕೇಳಿದಳು. ಐದನೇ ಸಂದಿಯಲ್ಲಿ ಪುಟ್ಟ ಮೂಗಿನ ಸಿಳ್ಳೆ. ಕೇಳುತ್ತ ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮಗಳು ನಳಿಕೆ ಕಿತ್ತುಕೊಂಡು ತಾನೂ ಕೇಳಿದಳು. ಕೇಳಿದ್ದೇ ಅವಳ ಮುಖ ಬಿಳುಚಿಕೊಂಡಿತು. ಈ ಸಿಳ್ಳೆ ಸರಿಯೇ, ಉಸಿರಿಗೂ ಉಸಿರಿಗೂ ಇಷ್ಟು ಅಂತರ ಇರಬಹುದೇ, ಗುರುವಾರ ಕೂಸನ್ನೂ ಕರೆದೊಯ್ಯೋಣವೇ ಎಂದು ಶುರುಮಾಡಿ, ನೋಟುಪುಸ್ತಕದಲ್ಲಿ ಹೊಸ ಹಾಳೆ ತಿರುವಿದಳು.

ಕಿವಿಯಮ್ಮ ಗೋಪುರವನ್ನು ಮೆಲ್ಲಗೆ ಎತ್ತಿ ಕಪಾಟಿನ ಮೇಲಿಟ್ಟಳು. "ಇದು ಬೀದಿಗೆ ಕಣೇ. ಮನೆಗೆ ನನ್ನ ಕಿವಿಯೇ ಸಾಕು."

"ನಿನ್ನ ಕಿವಿಗೆ ಸೀನು ಕೇಳಿಸಲ್ಲ."

"ಅಳು ಕೇಳಿಸತ್ತೆ. ಉಳಿದದ್ದಕ್ಕೆ ನೀನಿದೀಯಲ್ಲ."

ತೊಟ್ಟಿಲಲ್ಲಿ ಕೂಸು ಸೀನಿತು. ಮಗಳು ತಟ್ಟನೆ ಅತ್ತ ತಿರುಗಿದಳು. ಮಗಳು ತಿರುಗಿದ್ದನ್ನು ನೋಡಿ ಕಿವಿಯಮ್ಮನೂ ತಿರುಗಿ, ಒರೆಸುವ ಬಟ್ಟೆಗೆ ಕೈ ಹಾಕಿದಳು.